ಇಂಗ್ಲಿಷ್ ಕಳೆದುಕೊಂಡ ‘ಗೆ’

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಎಂಟನೇ ತರಗತಿ. ‘ಎಕ್ಸ್‌ಪ್ಲೈನ್ ಮಿ ದಿಸ್ ಲೆಸನ್’ ಎಂದು ಬರೆದಿದ್ದೆ. ಮಾಷ್ಟ್ರು ಕೆಂಪು ಗೆರೆ ಎಳೆದು, ‘ಎಕ್ಸ್‌ಪ್ಲೈನ್ ಟು ಮಿ’ ಅಂತ ಬರೀಬೇಕು ಎಂದರು. ಸರಿ, ‘ಟು’ ಬೇಕು ಅಂದುಕೊಂಡೆ. ಮುಂದಿನ ವಾರ ‘ಹಿ ಟೋಲ್ಡ್ ಟು ಮಿ’ ಎಂದು ಬರೆದೆ. ಅದಕ್ಕೂ ಕೆಂಪು ಗೆರೆ! ಯಾಕೆ ಅಂತ ಕೇಳಿದರೆ, ಇಂಗ್ಲಿಷ್ ಇರುವುದೇ ಹಾಗೆ, ಬಾಯಿಪಾಠ ಮಾಡು ಎಂಬ ಉತ್ತರ ಬಂತು.

ಆ ‘ಯಾಕೆ’ಗೆ ಉತ್ತರ ಇದೆ. ಅದು ಸುಮಾರು ಸಾವಿರ ವರ್ಷದ ಕಥೆ. ನಮ್ಮೂರಿನ ಮಕ್ಕಳಿಗೆ ಅದನ್ನು ಹೇಳಲೇಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಮೊದಲು ನಮ್ಮ ಕಡೆಯದ್ದು ನೋಡೋಣ. ಕೊಡುವ ಮಾತಿನಲ್ಲಿ ಎರಡು ಕರ್ಮ ಇರುತ್ತವೆ. ಏನನ್ನು ಕೊಟ್ಟದ್ದು ಎಂಬುದು ಒಂದು, ಯಾರಿಗೆ ಕೊಟ್ಟದ್ದು ಎಂಬುದು ಇನ್ನೊಂದು. ಕನ್ನಡದಲ್ಲಿ ಈ ಎರಡನೆಯದನ್ನು ‘ಗೆ’ ಹೊತ್ತುಕೊಳ್ಳುತ್ತದೆ. ಹಾಗಾಗಿ ಪದಗಳನ್ನು ಎಲ್ಲಿಟ್ಟರೂ ಅರ್ಥ ಕೆಡುವುದಿಲ್ಲ. ‘ಮಗುವಿಗೆ ಪುಸ್ತಕ ಕೊಟ್ಟರು’ ಅನ್ನಿ, ‘ಪುಸ್ತಕ ಮಗುವಿಗೆ ಕೊಟ್ಟರು’ ಅನ್ನಿ, ಪುಸ್ತಕ ಸೇರುವುದು ಮಗುವಿನ ಕೈಗೇ. ನಮ್ಮ ಜಿಲ್ಲೆಯ ಒಂದೇ ತರಗತಿಯಲ್ಲಿ ಎಷ್ಟೊಂದು ಮನೆಮಾತುಗಳಿರುತ್ತವೆ ಅಲ್ವಾ? ಕನ್ನಡದ ‘ನನಗೆ’, ಹವ್ಯಕರ ‘ಎನಗೆ’, ತುಳುವಿನ ‘ಎಂಕ್’, ಮಲಯಾಳದ ‘ಎನಿಕ್ಕ್’, ಕೊಂಕಣಿಯ ‘ಮಾಕಾ’. ‘ಯಾರಿಗೆ’ ಎಂಬುದು ಎಲ್ಲದರಲ್ಲೂ ಆ ಪದದೊಳಗೇ ಇದೆ.

ಒಂದು ಕಾಲದಲ್ಲಿ ಇಂಗ್ಲಿಷಿನಲ್ಲೂ ಹೀಗೇ ಇತ್ತು. ಹಳೆಯ ಇಂಗ್ಲಿಷಿನಲ್ಲಿ ರಾಜ ಅಂದರೆ ‘ಕ್ಯುನಿಂಗ್’. ರಾಜನಿಗೆ ಅನ್ನಲು ‘ಕ್ಯುನಿಂಗೆ’. ಹಳಗನ್ನಡದ ‘ಅರಸಂಗೆ’ ನೆನಪಾಗದೆ ಇರುತ್ತದೆಯೇ? ಈ ಹೋಲಿಕೆ ಬರೀ ಆಕಸ್ಮಿಕ. ಅಲ್ಲಿನ ‘ಗ’ ಮೂಲ ಪದದ್ದು, ವಿಭಕ್ತಿಯ ಪಾಲು ಕೊನೆಯ ‘ಎ’ ಮಾತ್ರ. ಆದರೂ ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ‘ಅವನನ್ನು’ ಮತ್ತು ‘ಅವನಿಗೆ’ ಕೂಡ ಆಗ ಬೇರೆ ಬೇರೆ ಪದಗಳು: ‘ಹಿನೆ’ ಮತ್ತು ‘ಹಿಮ್’. ಮುಂದೆ ‘ಹಿನೆ’ ಸತ್ತುಹೋಯಿತು. ‘ಹಿಮ್’ ಎರಡೂ ಕೆಲಸಕ್ಕೆ ನಿಂತಿತು.

ಪದದ ಕೊನೆಯ ಸ್ವರಗಳು ಮಾತಿನಲ್ಲಿ ಮಸುಕಾಗುತ್ತಾ ಬಂದವು. ಉತ್ತರ ಇಂಗ್ಲೆಂಡಿನಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯಾದವರ ಒಡನಾಟವೂ ಇದಕ್ಕೆ ಇಂಬು ಕೊಟ್ಟಿತು ಎನ್ನುವ ವಿದ್ವಾಂಸರಿದ್ದಾರೆ. 1400ರ ಹೊತ್ತಿಗೆ ವಿಭಕ್ತಿಗಳು ಹೆಚ್ಚುಕಡಿಮೆ ಮಾಯ. ಆಗ ‘ಯಾರಿಗೆ’ ಎಂಬುದನ್ನು ತೋರಿಸಲು ಭಾಷೆ ಎರಡು ದಾರಿ ಹಿಡಿಯಿತು. ಒಂದು, ಜಾಗ: ಪಡೆಯುವವರನ್ನು ಕ್ರಿಯಾಪದದ ಪಕ್ಕದಲ್ಲೇ ಕೂರಿಸುವುದು, ‘ಗಿವ್ ಮಿ ಎ ಬುಕ್’. ಇನ್ನೊಂದು, ‘ಟು’: ‘ಗಿವ್ ಎ ಬುಕ್ ಟು ಮಿ’. ‘ಟು’ ಮೊದಲು ಹೆಚ್ಚಾಗಿ ಹೋಗುವ ದಿಕ್ಕನ್ನು ಹೇಳುತ್ತಿದ್ದ ಪದ. ಕೊಡುವ ಮಾತಿಗೆ ಅದು ಹಬ್ಬಿದ್ದು ಈ ಕಾಲದಲ್ಲೇ.

1066ರಲ್ಲಿ ಉತ್ತರ ಫ್ರಾನ್ಸಿನ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್, ಲ್ಯಾಟಿನ್ ಮೂಲದ ಸಾವಿರಾರು ಪದಗಳು ಶತಮಾನಗಳ ಕಾಲ ಬಂದು ಸೇರಿದವು. ನನ್ನ ಕೆಂಪು ಗೆರೆಯ ಗುಟ್ಟು ಇಲ್ಲಿದೆ. ಗಿವ್, ಟೆಲ್, ಸೆಂಡ್, ಶೋ ಇವು ಹಳೆಯ ಮನೆಯವು, ಚಿಕ್ಕ ಪದಗಳು. ಅವು ಪಕ್ಕದಲ್ಲಿ ಜಾಗ ಕೊಡುತ್ತವೆ. ಎಕ್ಸ್‌ಪ್ಲೈನ್, ಡಿಸ್ಕ್ರೈಬ್, ಸಜೆಸ್ಟ್, ಡೊನೇಟ್ ಹೊರಗಿನಿಂದ ಬಂದವು. ಅವುಗಳಿಗೆ ‘ಟು’ ಬೇಕು. ಇದು ಕಟ್ಟುನಿಟ್ಟಿನ ನಿಯಮವಲ್ಲ. ಪ್ರಾಮಿಸ್ ಕೂಡ ಲ್ಯಾಟಿನ್ ಮೂಲದ್ದೇ, ಆದರೆ ‘ಪ್ರಾಮಿಸ್ ಮಿ’ ಸರಿ. ಆದರೂ ಸುಮ್ನೆ ಬಾಯಿಪಾಠ ಮಾಡುವುದಕ್ಕಿಂತ ಈ ಕಥೆ ಜಾಸ್ತಿ ದೂರ ಕೈಹಿಡಿದು ನಡೆಸುತ್ತದೆ.

ನಮ್ಮ ಮಕ್ಕಳ ಎರಡೂ ತಪ್ಪುಗಳ ಬೇರು ಒಂದೇ. ‘ನನಗೆ ಕೊಡಿ’, ‘ನನಗೆ ಹೇಳಿದ’, ‘ನನಗೆ ವಿವರಿಸಿ’ ಎಲ್ಲದರಲ್ಲೂ ನಮಗೆ ಒಂದೇ ‘ನನಗೆ’. ಇಂಗ್ಲಿಷ್ ಅದನ್ನು ಎರಡಾಗಿ ಒಡೆದಿದೆ. ಇಂಗ್ಲಿಷೇ ಮನೆಮಾತಾದ ಮಕ್ಕಳೂ ಇಲ್ಲಿ ಎಡವುತ್ತಾರೆ. ‘ಡೋಂಟ್ ಸೇ ಮಿ ದ್ಯಾಟ್’ (ಸರಿಯಾದದ್ದು ‘ಡೋಂಟ್ ಸೇ ದ್ಯಾಟ್ ಟು ಮಿ’) ಎಂಬಂಥ ಮಾತುಗಳನ್ನು ಭಾಷಾವಿಜ್ಞಾನಿ ಮೆಲಿಸ್ಸಾ ಬೋವರ್ಮನ್ ದಾಖಲಿಸಿದ್ದಾರೆ.

ಕಲಿಯುವವರ ಈ ಕಷ್ಟವನ್ನು ಗಂಭೀರವಾಗಿ ತೆಗೆದುಕೊಂಡವರಲ್ಲಿ ಎ. ಎಸ್. ಹಾರ್ನ್‌ಬಿ ಮುಖ್ಯರು. ಅವರು 1924ರಲ್ಲಿ ಇಂಗ್ಲಿಷ್ ಕಲಿಸಲು ಜಪಾನಿಗೆ ಹೋದರು. ಜಪಾನಿ ಭಾಷೆಯಲ್ಲೂ ‘ಯಾರಿಗೆ’ ಎಂಬುದಕ್ಕೆ ಪದದ ಹಿಂದೆ ‘ನಿ’ ಬರುತ್ತದೆ, ನಮ್ಮ ‘ಗೆ’ ಥರವೇ. ಯಾವ ಕ್ರಿಯಾಪದ ಯಾವ ವಾಕ್ಯರಚನೆಗೆ ಒಗ್ಗುತ್ತದೆ ಎಂದು ಒಂದೊಂದಕ್ಕೂ ಗುರುತು ಹಾಕಿದ ಅವರ ನಿಘಂಟು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಹೊರತಂದಿತು.

ಇನ್ನು ನಮ್ಮೂರಿನ ತರಗತಿಗೆ ಮರಳೋಣ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸುವುದರ ವಿರುದ್ಧ ಇಲ್ಲಿ ಮತ್ತೆ ಮತ್ತೆ ಪ್ರತಿಭಟನೆ ನಡೆದಿದೆ. ಮಗುವಿನ ಮಾತು ಗೊತ್ತಿಲ್ಲದಿದ್ದರೆ ತಪ್ಪು ಎಲ್ಲಿಂದ ಬಂತು ಎಂದು ಹುಡುಕುವುದು ಕಷ್ಟ. ಈ ಒಂದು ಪಾಠದಲ್ಲಾದರೂ ದಾರಿ ಇದೆ: ಮಲಯಾಳದ ‘ಎನಿಕ್ಕ್’ ಗೊತ್ತಿದ್ದವರಿಗೆ ನಮ್ಮ ‘ನನಗೆ’ ಅರ್ಥವಾಗಲು ಎರಡು ನಿಮಿಷ ಸಾಕು. ಬೋರ್ಡಿನ ಮೇಲೆ ಎರಡನ್ನೂ ಬರೆದು, ಪಕ್ಕದಲ್ಲಿ ‘ಕ್ಯುನಿಂಗೆ’ ಬರೆದು, ಆ ಕೊನೆಯ ‘ಎ’ಯನ್ನು ಮಕ್ಕಳ ಕೈಯಿಂದಲೇ ಒರೆಸಿಸಬಹುದು. ಈಗ ರಾಜನಿಗೆ ಪುಸ್ತಕ ಹೇಗೆ ಕೊಡುತ್ತೀರಿ ಎಂದು ಕೇಳಬಹುದು.