ಎರಡು ಹಲ್ಲು ಬಿಡಿಸಿದ ತ್ಸಾವೊ ಮನೆತನದ ಗಂಟು

ಕ್ರಿ.ಶ. 200ರಲ್ಲಿ ಚೀನಾದ ಸೇನಾಧಿಪತಿ ಯುವಾನ್ ಶಾವ್ ತನ್ನ ಎದುರಾಳಿ ತ್ಸಾವೊ ತ್ಸಾವೊನ ಮೇಲೆ ಯುದ್ಧಕ್ಕೆ ಹೊರಟ. ಎದುರಾಳಿಯ ಮಾನ ಕಳೆಯಲು ಒಂದು ಘೋಷಣಾ ಪತ್ರ ಬೇಕಿತ್ತು. ಬರೆದವನು ಚೆನ್ ಲಿನ್ ಎಂಬ ಕವಿ. ಅವನು ನೇರವಾಗಿ ಹುಟ್ಟಿಗೇ ಕೈಹಾಕಿದ. ಇವನ ಅಜ್ಜ ನಪುಂಸಕ, ಅಪ್ಪನನ್ನು ಎಲ್ಲಿಂದಲೋ ಬೇಡಿ ತಂದು ಸಾಕಿದ್ದು ಎಂದು ಬರೆದ.

ಬೈಗುಳದಲ್ಲಿ ಅರ್ಧ ನಿಜವಿತ್ತು. ಅಜ್ಜ ತ್ಸಾವೊ ತೆಂಗ್ ಹಾನ್ ಅರಮನೆಯ ನಪುಂಸಕ ಅಧಿಕಾರಿ. ನಾಲ್ವರು ಚಕ್ರವರ್ತಿಗಳ ಬಳಿ ಕೆಲಸ ಮಾಡಿದವನು. ಸ್ವಂತ ಮಕ್ಕಳಾಗುವ ಮಾತೇ ಇರಲಿಲ್ಲ. ಹಾಗಾಗಿ ಸೊಂಗ್ ಎಂಬುವನನ್ನು ದತ್ತು ತೆಗೆದುಕೊಂಡ. ಆ ಸೊಂಗ್‌ನ ಮಗನೇ ತ್ಸಾವೊ ತ್ಸಾವೊ (155–220). ಹಾನ್ ಸಾಮ್ರಾಜ್ಯ ಕುಸಿಯುತ್ತಿದ್ದಾಗ ಉತ್ತರ ಚೀನಾವನ್ನು ಹಿಡಿತಕ್ಕೆ ತಂದುಕೊಂಡವನು ಇವನೇ.

ಹಾಗಾದರೆ ಸೊಂಗ್ ಯಾರ ಮಗ? ಮುಂದಿನ ತಲೆಮಾರುಗಳಲ್ಲಿ ಚರಿತ್ರೆ ಬರೆದ ಚೆನ್ ಶೌ, ಅವನ ಹುಟ್ಟಿನ ಮೂಲ ತಿಳಿಯಲು ಆಗುವುದಿಲ್ಲ ಎಂದು ಅಲ್ಲಿಗೇ ಬಿಟ್ಟ. ತ್ಸಾವೊಗಳ ಶತ್ರು ರಾಜ್ಯವಾದ ವೂ ಕಡೆಯವರು ಮಾತ್ರ, ಅವನು ಶಿಯಾಹೌ ಎಂಬ ಬೇರೆ ಮನೆತನದ ಹುಡುಗ ಎಂದು ಬರೆದರು. ಈ ಮಾತು ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತೆಂದರೆ ಸುಮಾರು 1800 ವರ್ಷ ಜನ ಅದನ್ನೇ ಹೇಳುತ್ತಾ ಬಂದರು.

ಮನೆತನದವರೂ ಸುಮ್ನೆ ಕೂರಲಿಲ್ಲ. ಮೊದಲು ತಾವು ಹಾನ್ ಸಾಮ್ರಾಜ್ಯ ಕಟ್ಟಿದವರಲ್ಲಿ ಒಬ್ಬನಾದ ಮಂತ್ರಿ ತ್ಸಾವೊ ಶೆನ್‌ನ ಸಂತತಿ ಎಂದರು. ಆಮೇಲೆ ಇನ್ನೂ ಹಳೆಯ ಝೌ ರಾಜವಂಶದ ಕೊಂಡಿ ಹಿಡಿದರು. ತ್ಸಾವೊ ತ್ಸಾವೊ ತಾನಾಗಿ ಸಿಂಹಾಸನ ಏರಲಿಲ್ಲ. 220ರಲ್ಲಿ ಅವನ ಮಗ ತ್ಸಾವೊ ಪಿ ಹಾನ್ ದೊರೆಯನ್ನು ಇಳಿಸಿ ವೇಯ್ ಎಂಬ ಹೊಸ ರಾಜ್ಯದ ಚಕ್ರವರ್ತಿಯಾದ. 229ರಲ್ಲಿ ಪಿಯ ಮಗ ರುಯಿ, ಎಂದೋ ತೀರಿಹೋಗಿದ್ದ ತೆಂಗ್‌ಗೂ ಚಕ್ರವರ್ತಿ ಬಿರುದು ಕೊಟ್ಟ. ಒಬ್ಬ ನಪುಂಸಕನಿಗೆ ಅಂಥ ಗೌರವ! ನನಗೆ ಈ ಮನೆತನದಲ್ಲಿ ತುಂಬಾ ಇಷ್ಟವಾಗುವುದು ಇದೇ. ಅಜ್ಜನನ್ನು ಮುಚ್ಚಿಡದೆ ಎದುರಿಗೇ ಇಟ್ಟುಕೊಂಡರು. ಆದರೂ 237ರಲ್ಲಿ ಅದೇ ರುಯಿ, ನಮ್ಮ ಮೂಲಪುರುಷ ಪುರಾಣದ ದೊರೆ ಶುನ್ ಎಂದು ಸಾರಿದ. ನಾಲ್ಕು ತಲೆಮಾರು ಕಳೆಯುವಷ್ಟರಲ್ಲಿ ಮೂರು ವಂಶಾವಳಿ!

ಇಷ್ಟು ಹೊತ್ತಿಗೆ ಕಾಗದದ ಸಾಕ್ಷಿ ಮುಗಿಯಿತು. ಮುಂದಿನದು ಗಂಡಸರಲ್ಲಿರುವ ವೈ ಕ್ರೋಮೋಸೋಮಿನ ಕೆಲಸ. ಅದು ತಂದೆಯಿಂದ ಮಗನಿಗೆ ಮಾತ್ರ ಹೋಗುತ್ತದೆ, ನಮ್ಮಲ್ಲಿ ಗೋತ್ರ ಹೋಗುವ ಹಾಗೆ. ಉಳಿದ ಕ್ರೋಮೋಸೋಮುಗಳು ಪ್ರತಿ ತಲೆಮಾರಿನಲ್ಲೂ ಬೆರೆತು ಅದಲುಬದಲಾಗುತ್ತವೆ. ವೈ ಹೆಚ್ಚುಕಡಿಮೆ ಇಡಿಯಾಗಿ ದಾಟುತ್ತದೆ. ಅಪರೂಪಕ್ಕೆ ಅದರ ಡಿಎನ್‌ಎ ಬರಹದಲ್ಲಿ ಒಂದು ಅಕ್ಷರ ಬದಲಾದರೆ ಆ ಬದಲಾವಣೆ ಮಗ, ಮೊಮ್ಮಗ, ಮರಿಮಗ ಎಲ್ಲರಲ್ಲೂ ಉಳಿಯುತ್ತದೆ. ಚೀನಾದಲ್ಲಿ ಅಡ್ಡಹೆಸರೂ ತಂದೆಯ ಕಡೆಯಿಂದಲೇ ಬರುತ್ತದೆ. ಹಾಗಾಗಿ ಹೆಸರನ್ನೂ ವೈಯನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.

2009ರ ಕೊನೆಯಲ್ಲಿ ಹೆನಾನ್ ಪ್ರಾಂತ್ಯದ ಆನ್‌ಯಾಂಗ್ ಬಳಿ ತ್ಸಾವೊ ತ್ಸಾವೊನ ಗೋರಿ ಸಿಕ್ಕಿತು ಎಂಬ ಸುದ್ದಿ ಬಂತು. ನಿಜವೋ ಸುಳ್ಳೋ ಎಂದು ದೊಡ್ಡ ಜಗಳವೇ ಎದ್ದಿತು. ಅದೇ ಹೊತ್ತಿಗೆ ಶಾಂಘೈನ ಫುದಾನ್ ವಿಶ್ವವಿದ್ಯಾಲಯದ ಸಂಶೋಧಕರು ಬದುಕಿರುವವರ ಕಡೆ ತಿರುಗಿದರು. ಚೀನಾದ ಎಷ್ಟೋ ಮನೆತನಗಳು ಜಿಯಾಪು ಎಂಬ ವಂಶಾವಳಿ ಪುಸ್ತಕ ಇಟ್ಟುಕೊಂಡಿವೆ. ಅವುಗಳಲ್ಲಿ ತಾವು ತ್ಸಾವೊ ತ್ಸಾವೊನ ವಂಶ ಎಂದು ಹೇಳಿಕೊಂಡವರ ರಕ್ತ ಪರೀಕ್ಷಿಸಿ, ಬೇರೆ ತ್ಸಾವೊಗಳ ಜೊತೆ ಹೋಲಿಸಿದರು. 2012ರಲ್ಲಿ ಫಲಿತಾಂಶ ಬಂತು. ಹಾಗೆ ಹೇಳಿಕೊಂಡವರಲ್ಲಿ ಎದ್ದು ಕಂಡದ್ದು ವೈಯಲ್ಲಿನ ಅಂಥ ಬದಲಾವಣೆಯ ಒಂದೇ ಗುರುತು, ಎಂ268. ಬರೀ ಆಕಸ್ಮಿಕವಾಗಿ ಹೀಗೆ ಕಾಣುವ ಸಾಧ್ಯತೆ 10,000ಕ್ಕೆ ಒಂದಕ್ಕಿಂತ ಕಡಿಮೆ. ಮಂತ್ರಿ ತ್ಸಾವೊ ಶೆನ್‌ನ ವಂಶದ್ದು ಎನ್ನಲಾದ ವೈ ಮಾತ್ರ ಬೇರೆಯೇ ಆಗಿತ್ತು. ಮೊದಲ ವಂಶಾವಳಿಯ ಬುಡವೇ ಅಲುಗಿತು.

ಆದರೆ ಇದು ಬದುಕಿರುವವರಿಂದ ಹಿಂದಕ್ಕೆ ಊಹಿಸಿದ ಲೆಕ್ಕ. ಗಟ್ಟಿ ಸಾಕ್ಷಿ ಬಂದದ್ದು ಆನ್‌ಹುಯಿ ಪ್ರಾಂತ್ಯದ ಬೊಝೌನಿಂದ. ಅದು ಆ ಮನೆತನದ ಹುಟ್ಟೂರು. ಅಲ್ಲಿನ ಹಳೆಯ ಗೋರಿಗಳಲ್ಲಿ ಒಂದು ತೆಂಗ್‌ನ ತಮ್ಮ ತ್ಸಾವೊ ಡಿಂಗ್‌ನದು. ಅಲ್ಲಿ ಸಿಕ್ಕ ಎರಡು ಹಲ್ಲುಗಳಿಂದ ಡಿಎನ್‌ಎ ತೆಗೆದರು. ಹಲ್ಲಿನ ಎನಾಮೆಲ್ ಒಳಗಿನದನ್ನು ಮಣ್ಣು, ನೀರು, ಸೂಕ್ಷ್ಮಜೀವಿಗಳಿಂದ ಕಾಪಾಡುತ್ತದೆ. ಅದಕ್ಕೇ ಹಳೆಯ ಡಿಎನ್‌ಎ ಹುಡುಕುವವರು ಹಲ್ಲಿಗೆ ಜಾಸ್ತಿ ಬೆಲೆ ಕೊಡುತ್ತಾರೆ. 2013ರಲ್ಲಿ ಉತ್ತರ ಬಂತು. ಅದೇ ಎಂ268!

ಇದರ ಅರ್ಥ ನೋಡಿ. ಸೊಂಗ್ ಹೊರಗಿನ ಹುಡುಗನಾಗಿದ್ದರೆ ತ್ಸಾವೊ ತ್ಸಾವೊನ ವಂಶದವರ ವೈ ಡಿಂಗ್‌ನ ವೈಗೆ ಹೊಂದಬೇಕಾದ ಕಾರಣವೇ ಇಲ್ಲ, ಅಲ್ವಾ? ಹೊಂದಿತು. ಅಂದರೆ ತೆಂಗ್ ದತ್ತು ತೆಗೆದುಕೊಂಡದ್ದು ಬಹುಶಃ ತನ್ನದೇ ಕುಟುಂಬದ ಹುಡುಗನನ್ನು. ಕವಿಯ ಬೈಗುಳವೂ ಶಿಯಾಹೌ ಕಥೆಯೂ ಒಟ್ಟಿಗೇ ಸಡಿಲವಾದವು. ಇದೇ ಕೊನೆಯ ಮಾತು ಎಂದು ಮಾತ್ರ ನಾನು ಹೇಳಲಾರೆ. ಎಂ268 ತ್ಸಾವೊಗಳ ಸ್ವಂತ ಆಸ್ತಿಯಲ್ಲ, ಅದು ಬೇರೆ ಎಷ್ಟೋ ಜನರಲ್ಲಿದೆ. ಅಣ್ಣತಮ್ಮಂದಿರ ವೈ ಒಂದೇ ಆದ್ದರಿಂದ, ಇವರು ತ್ಸಾವೊ ತ್ಸಾವೊನ ವಂಶವೋ ಅವನ ದಾಯಾದಿಗಳದೋ ಎಂದು ಬೇರ್ಪಡಿಸುವುದೂ ಕಷ್ಟ.

ಇನ್ನೊಂದು ಕೊರತೆ ನನ್ನನ್ನು ಹೆಚ್ಚು ಕಾಡುತ್ತದೆ. ತ್ಸಾವೊ ಪಿಯ ತಾಯಿ ಬಿಯಾನ್ ಹಾಡುಗಾರ್ತಿಯಾಗಿದ್ದವಳು. ಮುಂದೆ ವೇಯ್ ರಾಜ್ಯದ ರಾಜಮಾತೆಯಾದಳು. ಗಂಡುಮಕ್ಕಳ ಹೆಸರು ಜೋಡಿಸುವ ಜಿಯಾಪುವಿನ ಸಾಲಿನಲ್ಲಿ ಅವಳಂಥವರಿಗೆ ಜಾಗ ಕಡಿಮೆ. ವೈಯಲ್ಲಂತೂ ಜಾಗವೇ ಇಲ್ಲ. ತಾಯಿಯಿಂದ ಬರುವ ಮೈಟೋಕಾಂಡ್ರಿಯಾ ಡಿಎನ್‌ಎ ಮಗನಿಗೇನೋ ಸಿಗುತ್ತದೆ, ಆದರೆ ಮಗ ಅದನ್ನು ಮುಂದಕ್ಕೆ ಕೊಡಲಾರ. ಹೀಗೆ ಬಿಯಾನ್‌ಳ ಆ ಗುರುತು ಪಿಯಲ್ಲೇ ನಿಂತುಹೋಯಿತು. ಇಂದಿನ ಆ ಮನೆಗಳಲ್ಲಿ ಅವಳದ್ದೇನಾದರೂ ಉಳಿದಿದ್ದರೆ, ಅರವತ್ತಕ್ಕೂ ಹೆಚ್ಚು ತಲೆಮಾರುಗಳಲ್ಲಿ ಬೆರೆತುಹೋದ ಉಳಿದ ಕ್ರೋಮೋಸೋಮುಗಳಲ್ಲಿ ಉಳಿದಿರಬೇಕು. ಅಲ್ಲಿಂದ ಅದನ್ನು ಅವಳದ್ದೇ ಎಂದು ಗುರುತಿಸಿ ತೆಗೆಯುವ ದಾರಿ ವಿಜ್ಞಾನಕ್ಕೆ ಇನ್ನೂ ಸಿಕ್ಕಿಲ್ಲ.