ಲೇಔಟ್ ಅಪ್ರೂವ್ ಆಗಿದ್ದರೆ ಮಳೆ ನೀರಿನ ಚಿಂತೆ ಬೇಡವೇ?

ಓದುಗರ ಪ್ರಶ್ನೆ: ಬೆಂಗಳೂರಿನ ವರ್ತೂರು ಕಡೆ ಹೊಸ ಲೇಔಟ್‌ನಲ್ಲಿ 30x40 ಸೈಟ್ ನೋಡಿದ್ದೇವೆ. "ಅಪ್ರೂವ್ಡ್ ಲೇಔಟ್ ಸರ್, ಚರಂಡಿ ಎಲ್ಲಾ ಆಗಿದೆ, ನೀರು ನಿಲ್ಲೋದೇ ಇಲ್ಲ" ಅಂತಾರೆ ಮಾರುವವರು. ಅಪ್ರೂವಲ್ ಇದ್ದರೆ ಸಾಕಲ್ವಾ? ಮಳೆ ನೀರಿಗೆ ಅಂತಲೇ ಬೇರೆ ನಿಯಮ ಇದೆಯಾ?

ಉತ್ತರ: ಸಾಲದು. ನಿಯಮಗಳೇನೋ ಇವೆ. ಆದರೆ ಅವು ಎರಡು ತುದಿಯಲ್ಲಿವೆ. ಒಂದು ನಿಮ್ಮ ಮನೆಯ ಟೆರೇಸ್ ಮೇಲೆ, ಇನ್ನೊಂದು ದೂರದ ರಾಜಕಾಲುವೆ, ಅಂದರೆ ಮಳೆ ನೀರು ಸಾಗಿಸುವ ದೊಡ್ಡ ಕಾಲುವೆಯ ದಡದಲ್ಲಿ. ಇವೆರಡರ ನಡುವೆ ಇರುವ ಲೇಔಟ್ ರಸ್ತೆಯ ನೀರಿನ ಬಗ್ಗೆ ಕೇಳುವವರು ಕಮ್ಮಿ. ಸೈಟ್ ತಗೊಳ್ಳುವವರು ಮೋಸ ಹೋಗುವುದೂ ಅಲ್ಲೇ.

ಮೊದಲು ಮನೆಯ ಲೆಕ್ಕ. ಜಲಮಂಡಳಿ ಕಾಯ್ದೆಗೆ 2009ರಲ್ಲಿ ತಿದ್ದುಪಡಿಯಾಗಿ ಮಳೆನೀರು ಕೊಯ್ಲು ಕಡ್ಡಾಯವಾಯಿತು. ಹೊಸದಾಗಿ ಮನೆ ಕಟ್ಟುವವರಿಗೆ 1200 ಚದರ ಅಡಿ ಸೈಟ್‌ನಿಂದಲೇ ಇದು ಅನ್ವಯ, ಅಂದರೆ ನಿಮ್ಮ 30x40 ಸರಿಯಾಗಿ ಆ ಗೆರೆಯ ಮೇಲೇ ಕೂತಿದೆ. ಮೊದಲು ಚಾವಣಿಯ ಪ್ರತಿ ಚದರ ಮೀಟರ್‌ಗೆ 20 ಲೀಟರ್ ಹಿಡಿದರೆ ಸಾಕಿತ್ತು. ಈಗ ಅದು 60 ಲೀಟರ್. ಕಾಂಕ್ರೀಟ್ ಅಥವಾ ಟೈಲ್ಸ್ ಹಾಕಿದ ಅಂಗಳಕ್ಕೆ ಪ್ರತಿ ಚದರ ಮೀಟರ್‌ಗೆ 30 ಲೀಟರ್. ಸಂಪಿನಲ್ಲಿ ಹಿಡಿಯಬಹುದು, ಇಲ್ಲವೇ ನೆಲಕ್ಕೆ ಇಂಗಿಸಬಹುದು. ಎರಡೂ ಮಾಡದೆ ಸುಮ್ನೆ ಇದ್ದರೆ ನೀರಿನ ಬಿಲ್ಲಿನ ಮೇಲೆ ದಂಡ ಬೀಳುತ್ತದೆ, ಮನೆಗಳಿಗೆ ಮೊದಲ 3 ತಿಂಗಳು 25%, ಆಮೇಲೆ 50%.

ಈ 60 ಲೀಟರ್ ಅಂದರೆ ಎಷ್ಟು ಅಂತ ಅರ್ಥ ಮಾಡಿಕೊಳ್ಳುವುದು ಸುಲಭ. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು 1 ಲೀಟರ್ ನೀರು. ಹಾಗಾಗಿ 60 ಲೀಟರ್ ಅಂದರೆ ಒಂದೇ ಏಟಿಗೆ ಸುರಿಯುವ 60 ಮಿ.ಮೀ. ಮಳೆಯನ್ನ ಪೂರ್ತಿ ನಿಮ್ಮ ಕಾಂಪೌಂಡ್ ಒಳಗೇ ಹಿಡಿದಿಟ್ಟುಕೊಳ್ಳಿ ಅಂತ. ನಿಮ್ಮ ಟೆರೇಸ್ 75 ಚದರ ಮೀಟರ್ ಇದೆ ಅಂತಿಟ್ಟುಕೊಳ್ಳಿ, ಆಗ 4,500 ಲೀಟರ್ ಜಾಗ ಬೇಕು. 3 ಅಡಿ ಅಗಲ, 20 ಅಡಿ ಆಳದ ಸಿಮೆಂಟ್ ರಿಂಗ್ ಬಾವಿಯಲ್ಲಿ ಸುಮಾರು 4,000 ಲೀಟರ್ ಹಿಡಿಯುತ್ತದೆ. ಅದರ ಜೊತೆ ಒಂದು ಡ್ರಮ್ಮೋ ಸಣ್ಣ ಸಂಪೋ ಇದ್ದರೆ ಲೆಕ್ಕ ಮುಗಿಯಿತು.

ಇಲ್ಲಿ ಒಂದು ಮಾತು. ಮೇಸ್ತ್ರಿ ಒಬ್ಬರು ಬಂದು 4 ಅಡಿ ಗುಂಡಿ ತೋಡಿ, ಅದರ ತುಂಬ ಜಲ್ಲಿ ಸುರಿದು, ಮೇಲೊಂದು ಚಪ್ಪಡಿ ಎಳೆದು "ಆಯ್ತು ಸರ್, ಮಳೆಕೊಯ್ಲು" ಅಂತಾರಲ್ಲ, ಅದನ್ನ ಒಪ್ಪಬೇಡಿ. ಜಲ್ಲಿ ತುಂಬಿದ ಗುಂಡಿಯಲ್ಲಿ ಜಾಗದ ಅರ್ಧಕ್ಕಿಂತ ಜಾಸ್ತಿ ಕಲ್ಲೇ ತಿಂದಿರುತ್ತದೆ, ನೀರಿಗೆ ಉಳಿಯುವುದು ಸಂದಿ ಮಾತ್ರ. ಎರಡು ಮಳೆಗಾಲ ಕಳೆದರೆ ಆ ಸಂದಿಯಲ್ಲೂ ಹೂಳು ಕೂತಿರುತ್ತದೆ, ಅದನ್ನ ತೆಗೆಯೋಕೆ ಕೈ ಹೋಗುವುದಿಲ್ಲ. ಖಾಲಿ ರಿಂಗ್ ಬಾವಿ ಆದರೆ ಇಳಿದು ಹೂಳು ಎತ್ತಬಹುದು. ಬಾವಿ ತೋಡುವವರು ಬೆಂಗಳೂರಿನಲ್ಲಿ ಈಗಲೂ ಇದ್ದಾರೆ, ಮಣ್ಣು ಮುಟ್ಟಿ ನೋಡಿ ಇಲ್ಲಿ ಇಂಗುತ್ತೋ ಇಲ್ಲವೋ ಹೇಳುವವರು, ಅವರನ್ನ ಕರೆಸಿ. ಇನ್ನೂ ಅನುಮಾನ ಇದ್ದರೆ ಜಯನಗರ 5ನೇ ಬ್ಲಾಕ್‌ನಲ್ಲಿ ಜಲಮಂಡಳಿಯದೇ ಮಳೆನೀರು ಕೊಯ್ಲು ಪಾರ್ಕ್ ಇದೆ. ಮಾದರಿಗಳನ್ನ ಕಣ್ಣಾರೆ ನೋಡಿಕೊಂಡು ಬನ್ನಿ.

ಮತ್ತೆ, ಟೆರೇಸ್ ಪೈಪನ್ನ ಯುಜಿಡಿ ಚೇಂಬರ್‌ಗೆ ಮಾತ್ರ ಕೊಡಬೇಡಿ. ಪ್ಲಂಬರ್‌ಗೆ ಅದು ಸುಲಭದ ದಾರಿ. ಆದರೆ ಒಳಚರಂಡಿ ಪೈಪು ಇರುವುದು ಕಕ್ಕಸಿನ ನೀರಿಗೆ, ಮಳೆಗಲ್ಲ. ಬೀದಿಯ ಹತ್ತು ಮನೆ ಹೀಗೆ ಮಾಡಿದರೆ ತಗ್ಗಿನಲ್ಲಿರುವ ಮನೆಯ ಬಚ್ಚಲಿಂದ ಉಕ್ಕುವುದು ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಇನ್ನೊಂದು ತುದಿ, ರಾಜಕಾಲುವೆ. ಬಿಡಿಎಯ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ‘ಮಾಸ್ಟರ್ ಪ್ಲಾನ್ 2015’ರ ಪ್ರಕಾರ ದೊಡ್ಡ ಕಾಲುವೆಯ ನಡುಮಧ್ಯದಿಂದ ಆಚೀಚೆ 50 ಮೀಟರ್, ಎರಡನೇ ಹಂತದ್ದಕ್ಕೆ 25, ಮೂರನೇ ಹಂತದ್ದಕ್ಕೆ 15 ಮೀಟರ್ ಜಾಗ ಕಟ್ಟಡ ಕಟ್ಟದೆ ಬಿಡಬೇಕು, ಇದಕ್ಕೇ ಬಫರ್ ಅನ್ನುವುದು. ಕೆರೆ ಅಂಚಿನಿಂದ 30 ಮೀಟರ್. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್, ಕಾಲುವೆಗಳಿಗೆ 50, 35, 25 ಮೀಟರ್, ಅದೂ ಅಂಚಿನಿಂದಲೇ ಅಳೆಯಬೇಕು ಅಂತ ಆದೇಶ ಮಾಡಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನ ತಳ್ಳಿಹಾಕಿ ಮಾಸ್ಟರ್ ಪ್ಲಾನ್ ಲೆಕ್ಕಕ್ಕೇ ವಾಪಸ್ ತಂದಿತು. ಬ್ರೋಕರ್ ಬಾಯಲ್ಲಿ "ಬಫರ್ ಎಲ್ಲಾ ಕ್ಯಾನ್ಸಲ್ ಆಯ್ತಲ್ಲ ಸಾರ್" ಅಂತ ಬಂದರೆ ಈ ಕಥೆಯನ್ನೇ ಅರ್ಧ ಹೇಳುತ್ತಿದ್ದಾರೆ ಅಂತ ತಿಳಿಯಿರಿ. ರದ್ದಾಗಿದ್ದು ಹೆಚ್ಚಿಸಿದ ಅಳತೆ ಮಾತ್ರ, ಬಫರ್ ಅಲ್ಲ. ಹಾಗಂತ ಈ ಅಳತೆಗಳೂ ಶಾಶ್ವತವಲ್ಲ, ಕೆರೆ ಬಫರ್ ಬದಲಿಸುವ ತಿದ್ದುಪಡಿ 2025ರಲ್ಲಿ ವಿಧಾನಮಂಡಲದ ಮುಂದೆ ಬಂತು. ಆದ್ದರಿಂದ ಇವತ್ತಿನ ಲೆಕ್ಕ ಏನು ಅಂತ ಬರಹದಲ್ಲೇ ಕೇಳಿ. ಜಾಗ ಬಿಡಿಎ ವ್ಯಾಪ್ತಿಯಿಂದ ಹೊರಗಿದ್ದರೆ ಅಲ್ಲಿನ ಯೋಜನಾ ಪ್ರಾಧಿಕಾರದ ಪ್ಲಾನ್ ನೋಡಬೇಕು.

ಇನ್ನು ನಡುವಿನ ಜಾಗ. 5 ಎಕರೆ ಲೇಔಟ್ ತಗೊಳ್ಳಿ, ಅದು ಸುಮಾರು 20,200 ಚದರ ಮೀಟರ್. ಅದರಲ್ಲಿ ರಸ್ತೆಗೆ 30% ಹೋದರೆ 6,000 ಚದರ ಮೀಟರ್ ಡಾಂಬರು. ಅದೇ 60 ಮಿ.ಮೀ. ಮಳೆಗೆ ಬರೀ ರಸ್ತೆಯಿಂದ 3.6 ಲಕ್ಷ ಲೀಟರ್ ನೀರು ಹರಿಯುತ್ತದೆ. ಮನೆಯವರಿಗಾದರೆ ಲೀಟರ್ ಲೆಕ್ಕದಲ್ಲಿ ನಿಯಮ ಇದೆ, ದಂಡ ಇದೆ. ಈ 3.6 ಲಕ್ಷ ಲೀಟರ್‌ಗೆ ಯಾರೂ ಬಿಲ್ ಕಳಿಸುವುದಿಲ್ಲ. ರಾಗಿ ಹೊಲವಾಗಿದ್ದಾಗ ಅಲ್ಲೇ ಅಷ್ಟೋ ಇಷ್ಟೋ ಇಂಗುತ್ತಿತ್ತು, ಉಳಿದದ್ದು ಬದು ದಾಟಿ ನಿಧಾನಕ್ಕೆ ಹಳ್ಳ ಸೇರುತ್ತಿತ್ತು. ಈಗ ಕೆಲವೇ ನಿಮಿಷದಲ್ಲಿ ಚರಂಡಿ ತುದಿಗೆ ಬಂದು ನಿಲ್ಲುತ್ತದೆ. ದೊಡ್ಡ ಯೋಜನೆಗಳಿಗೆ ಪರಿಸರ ಅನುಮತಿ ಬೇಕು, ಅದರಲ್ಲಿ ಮಳೆ ನೀರಿನ ಷರತ್ತು ಹಾಕುತ್ತಾರೆ. ಆದರೆ 2006ರ ಅಧಿಸೂಚನೆ ಹಿಡಿಯುವುದು ಕಟ್ಟಡವಾದರೆ 20,000 ಚದರ ಮೀಟರ್ ಬಿಲ್ಟ್-ಅಪ್‌ನಿಂದ, ಬಡಾವಣೆಯಾದರೆ 50 ಹೆಕ್ಟೇರ್‌ನಿಂದ ಮೇಲೆ. 5 ಎಕರೆಯ ಸೈಟ್ ಲೇಔಟ್ ಆ ಬಲೆಯ ಕೆಳಗೇ ನುಸುಳಿ ಹೋಗುತ್ತದೆ. ಅಂಥ ಲೇಔಟ್‌ಗಳೇ ಪಕ್ಕಪಕ್ಕ ಇಪ್ಪತ್ತು ಬಂದರೆ? ಒಂದೊಂದೂ ಚಿಕ್ಕದೇ, ಕಾಗದದಲ್ಲಿ ಎಲ್ಲವೂ ಸರಿಯಾಗೇ ಇರುತ್ತದೆ.

ಚರಂಡಿ "ಆಗಿದೆ" ಅನ್ನುವ ಮಾತಿಗೂ ಒಂದು ಮಿತಿ ಇದೆ. ಕೇಂದ್ರದ 2019ರ ಮಳೆನೀರು ಚರಂಡಿ ಕೈಪಿಡಿ ಮಹಾನಗರಗಳ ಹೊರವಲಯಕ್ಕೆ ಹೇಳುವುದು 2 ವರ್ಷಕ್ಕೊಮ್ಮೆ ಬರುವಂಥ ಮಳೆಯ ಲೆಕ್ಕ. ಅಂದರೆ ಅಚ್ಚುಕಟ್ಟಾಗಿ ಕಟ್ಟಿದ ಚರಂಡಿಯೂ ಅದಕ್ಕಿಂತ ಜೋರು ಮಳೆಗೆ ಉಕ್ಕುತ್ತದೆ. 2022ರ ಸೆಪ್ಟೆಂಬರ್ 5ಕ್ಕೆ ಮುಗಿದ 24 ಗಂಟೆಯಲ್ಲಿ ಬೆಂಗಳೂರಿನಲ್ಲಿ 131.6 ಮಿ.ಮೀ. ಸುರಿದಾಗ ಯಮಲೂರು, ಸರ್ಜಾಪುರ ರಸ್ತೆ ಕಡೆ ಕೋಟಿ ಬೆಲೆಯ ವಿಲ್ಲಾಗಳ ಒಳಗೆ ನೀರು ನುಗ್ಗಿತು, ಐಟಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಬೆಂಗಳೂರಿನ ನೀರು ಕೆರೆಯಿಂದ ಕೆರೆಗೆ ಕೋಡಿ ಬಿದ್ದು ಇಳಿಯುವಂಥದ್ದು, ಬೆಳ್ಳಂದೂರಿನಿಂದ ವರ್ತೂರು, ಅಲ್ಲಿಂದ ದಕ್ಷಿಣ ಪಿನಾಕಿನಿ. ನೀವು ನೋಡಿರುವ ಸೈಟ್ ಈ ಸಾಲಿನ ಕೆಳಗಿನ ತುದಿಯಲ್ಲಿದೆ, ಅಷ್ಟು ನೆನಪಿರಲಿ.

ಹಾಗಾದರೆ ನೀವೇನು ಮಾಡಬೇಕು? ಲೇಔಟ್ ಗೇಟಿನಲ್ಲಿ ಬ್ರೋಷರ್ ಇಸ್ಕೊಂಡು ಬರಬೇಡಿ, ಚರಂಡಿ ಹಿಡಿದು ಇಳಿಜಾರಿನ ಕಡೆ ನಡೆಯಿರಿ, ಅದು ಮುಗಿಯುವ ತನಕ. ಬಹಳಷ್ಟು ಹೊಸ ಲೇಔಟ್‌ಗಳಲ್ಲಿ ಅದು ಮುಗಿಯುವುದು ಪಕ್ಕದವರ ಕಾಂಪೌಂಡ್ ಗೋಡೆಗೆ. ಗೋಡೆ ಬುಡದಲ್ಲಿ ಒಂದು ತೂತು, ಆಚೆ ಯಾರದೋ ಖಾಲಿ ಜಮೀನು, ಅಷ್ಟೇ. ಇವತ್ತು ಆ ಜಮೀನು ಖಾಲಿ ಇದೆ ಅಂತ ನೀರು ಹೋಗುತ್ತಿದೆ. ನಾಳೆ ಅವರೂ ಲೇಔಟ್ ಮಾಡಿ ಮಣ್ಣು ತುಂಬಿಸಿ ಎರಡು ಅಡಿ ಏರಿಸಿದರೆ ನೀರು ತಿರುಗಿ ಬರುವುದು ನಿಮ್ಮ ರಸ್ತೆಗೇ. ರಸ್ತೆ ಅಂಚಿನ ಕಲ್ಲಿನಲ್ಲಿ ನೀರು ಚರಂಡಿಗೆ ಇಳಿಯುವ ಕಂಡಿಗಳನ್ನೂ ಬಗ್ಗಿ ನೋಡಿ. ಡಾಂಬರು ರಸ್ತೆಗಿಂತ ಕಂಡಿ ಒಂದೆರಡು ಇಂಚು ಮೇಲಿದ್ದರೆ ಆ ಚರಂಡಿ ಫೋಟೋಗೆ ಮಾತ್ರ.

ಆಮೇಲೆ ಕಂದಾಯ ಇಲಾಖೆಯ ಹಳೇ ಗ್ರಾಮ ನಕ್ಷೆ ತೆಗೆಸಿ, ಆನ್‌ಲೈನ್‌ನಲ್ಲೇ ಸಿಗುತ್ತದೆ. ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ಬರುತ್ತದೆ. ಎರಡನ್ನೂ ಹೊಂದಿಸಿ ನೋಡಿದರೆ ಹಳ್ಳ, ಕಾಲುವೆ ಎಲ್ಲಿ ಹಾದಿತ್ತು ಅಂತ ಗೊತ್ತಾಗುತ್ತದೆ. ಪಹಣಿಯಲ್ಲಿ ‘ಬಿ ಖರಾಬು’ ಅಂತ ಇದ್ದರೆ ಅದು ಸಾರ್ವಜನಿಕ ಜಾಗ, ದಾರಿಯೋ ಹಳ್ಳವೋ ಇದ್ದದ್ದು, ಅದನ್ನ ಯಾರೂ ಮಾರುವಂತಿಲ್ಲ. ನಕ್ಷೆಯಲ್ಲಿ ಹಳ್ಳ ಇದ್ದು ನೆಲದ ಮೇಲೆ ಕಾಣದಿದ್ದರೆ ಖುಷಿ ಪಡಬೇಡಿ, ಯಾರೋ ಮುಚ್ಚಿದ್ದಾರೆ ಅಂತ ಅರ್ಥ. ಊರಿನ ಹಿರಿಯರನ್ನ "ಮಳೆ ಬಂದ್ರೆ ಇಲ್ಲಿ ನೀರು ಯಾವ ಕಡೆ ಹೋಗ್ತಿತ್ತು ಅಜ್ಜಾ?" ಅಂತ ಕೇಳಿ. ಆ ಉತ್ತರ ಬ್ರೋಷರ್‌ನಲ್ಲಿ ಇರುವುದಿಲ್ಲ.

ಡೆವಲಪರ್‌ಗೆ ಕೇಳಬೇಕಾದ್ದು ಒಂದೇ ಪ್ರಶ್ನೆ: ಲೇಔಟ್ ಚರಂಡಿ ಯಾವ ಸರ್ಕಾರಿ ಕಾಲುವೆಗೆ ಸೇರುತ್ತದೆ, ಮಂಜೂರಾದ ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿ. ತೋರಿಸಿದರೆ ಆ ಜಾಗಕ್ಕೆ ಹೋಗಿ ನೋಡಿ ಬಂದು ಮುಂದಿನ ಮಾತಾಡಿ. "ಪಂಚಾಯ್ತಿಯವರು ಮಾಡ್ತಾರೆ ಸರ್, ಮುಂದೆ ಆಗುತ್ತೆ" ಅಂದರೆ ಅಡ್ವಾನ್ಸ್ ಕೊಡಬೇಡಿ. ಕೊಟ್ಟಾಗಿದ್ದರೆ, ಚರಂಡಿ ಕಾಲುವೆಗೆ ಸೇರಿದ ಮೇಲೇ ಬಾಕಿ ಹಣ ಅಂತ ಅಗ್ರಿಮೆಂಟ್‌ನಲ್ಲಿ ಬರೆಸಿ.