ಪದ ಪರಿಚಯ: ಕೆಟ್ಟಾಂವ

ಇಂಗ್ಲಿಷ್‌ನ್ಯಾಗ ವಿಲನ್ ಅಂತಾರ, ಪೇಪರ್‌ನ್ಯಾಗ ಖಳನಾಯಕ ಅಂತ ಬರೀತಾರ, ನಮ್ಮ ಹುಬ್ಬಳ್ಳಿ ಕಡೆ ಥೇಟರ್‌ನಿಂದ ಹೊರಗ ಬಂದ ಮಂದಿ "ಕೆಟ್ಟಾಂವ" ಅಂತಾರ. ಮೂರೂ ಒಂದ ಅಂತ ನಾನೂ ಭಾಳ ದಿನ ತಿಳ್ಕೊಂಡಿದ್ದೆ. ವಿಲನ್ ಅನ್ನೋದು ಲ್ಯಾಟಿನ್ನಿನ ವಿಲ್ಲಾ ಅನ್ನೋ ಪದದಿಂದ ಬಂದದ್ದಂತ, ವಿಲ್ಲಾ ಅಂದ್ರ ಸಾವ್ಕಾರ್ರ ಹೊಲಮನಿ, ಅಲ್ಲಿ ದುಡಿಯೋ ಆಳ ವಿಲನ್. ಹಳ್ಳ್ಯಾಂವ ಅಂದ್ರ ಒರಟ, ಒರಟ ಅಂದ್ರ ನೀಚ ಅಂತ ಪ್ಯಾಟಿ ಮಂದಿ ಜಗ್ಗಿ ಜಗ್ಗಿ ಈಗಿನ ಅರ್ಥಕ್ಕ ತಂದು ನಿಲ್ಲಿಸ್ಯಾರ. ಹಾವೇರಿ ಕಡೆ ನಾಕ ಎಕರೆ ಹೊಲ ಇಟ್ಕೊಂಡಿರೋ ನಮಗ ಇದು ಗೊತ್ತಾದ ಮ್ಯಾಲೆ ಆ ಪದ ಬಾಯಿಗೆ ಬರವಲ್ದು, ಹೋಗ್ಲಿ ಬಿಡ್ರಿ.

ನಮ್ಮ ಪದಕ್ಕ ಬರೂಣು. ಕೆಟ್ಟಾಂವ ಅಂದ್ರ ಕೆಟ್ಟ ಅಂವ, ಪುಸ್ತಕದಾಗ ಕೆಟ್ಟವನು. ಈ "ಕೆಟ್ಟ" ಅನ್ನೋದು ಹುಟ್ಟಿದ್ದು "ಕೆಡು" ಅನ್ನೋ ಕ್ರಿಯಾಪದದಿಂದ. ಸುಡು-ಸುಟ್ಟ, ಬಿಡು-ಬಿಟ್ಟ, ಇಡು-ಇಟ್ಟ, ಹಂಗ ಕೆಡು-ಕೆಟ್ಟ. ಹಾಲ ಕೆಟ್ಟಾವ, ಮೋಟರ್ ಕೆಟ್ಟೈತಿ, ಹೊಟ್ಟಿ ಕೆಟ್ಟೈತಿ, ತಲಿ ಕೆಟ್ಟೈತಿ ಅಂತ ದಿನಾ ಅಂತೀವಲ್ಲ, ಎಲ್ಲಾ ಕಡೆ ಅರ್ಥ ಒಂದ, ಮೊದ್ಲ ಛಲೋ ಇತ್ತು ಆಮ್ಯಾಲೆ ಹಾಳಾತು. ಹಿಂಡಿದ ಕೂಡ್ಲೆ ಯಾವ ಹಾಲೂ ಕೆಟ್ಟಿರಂಗಿಲ್ಲ. ಹಿರೇರು ದೀಪ ಆರಸಾಕೂ "ದೀಪ ಕೆಡಸು" ಅಂತಿದ್ರು, ಅಂದ್ರ ಉರಿಯೂದಿತ್ತು, ನಿಂತತು. ಧಾರವಾಡ ಹುಬ್ಬಳ್ಳ್ಯಾಗ ಇದ್ದು ಕೆಲಸ ಮಾಡಿದ ಕಿಟೆಲ್ ಸಾಹೇಬ್ರ 1894ರ ನಿಘಂಟಿನ್ಯಾಗೂ ಕೆಡು ಅಂದ್ರ ಹಾಳಾಗೂದು, ನಾಶ ಆಗೂದು ಅಂತನ ಐತಿ. ಒಳಿತು ಕೆಡುಕು ಅಂತೀವಿ, ಕೆಡುಕೂ ಇದ ಬೇರಿಂದ ಬಂದದ್ದು. ಅಂದ್ರ ಕನ್ನಡದಾಗ ಒಬ್ಬನ್ನ ಕೆಟ್ಟಾಂವ ಅಂದ್ರ, ಅಂವ ಒಂದ ಕಾಲಕ್ಕ ಛಲೋ ಇದ್ದ ಅಂತ ಅದರೊಳಗ ಹೇಳಿ ಬಿಟ್ಟಂಗ, ನಾವು ಅದನ್ನ ಲಕ್ಷ್ಯ ಕೊಟ್ಟು ಕೇಳಂಗಿಲ್ಲ ಅಷ್ಟ.

ನನಗ ಇದು ಹೊಳದಿದ್ದು ಡಾರ್ಕ್ ನೈಟ್ ಅನ್ನೋ ಬ್ಯಾಟ್‌ಮನ್ ಸಿನಿಮಾ ಎರಡನೇ ಸಲ ನೋಡುವಾಗ. ಸಿನಿಮಾ 2008ರದು, ಕ್ರಿಸ್ಟೋಫರ್ ನೋಲನ್ ಡೈರೆಕ್ಷನ್ನು, ಜೋಕರ್ ಪಾರ್ಟ್ ಮಾಡಿದ ಹೀತ್ ಲೆಜರ್ ಸಿನಿಮಾ ಬರೂದಕ್ಕಿಂತ ಮೊದ್ಲ, ಆ ವರ್ಷದ ಜನವರಿಯೊಳಗ ತೀರಿಕೊಂಡ, ಮುಂದಿನ ವರ್ಷ ಅಂವಂಗ ಆಸ್ಕರ್ ಬಂತು. ಮೊದಲ್ನೇ ಸಲ ನೋಡಿದ್ದು ಧಾರವಾಡದ ಹಾಸ್ಟೆಲ್‌ನ್ಯಾಗ, ಒಂದ ಲ್ಯಾಪ್‌ಟಾಪ್ ಸುತ್ತ ಎಂಟ ಮಂದಿ, ಕಾಟದ ಮ್ಯಾಲೆ ಮೂರು ಮಂದಿ ಕೆಳಗ ಐದು. ಜೋಕರ್ ಪೆನ್ಸಿಲ್ ಮಾಯಾ ಮಾಡ್ತೀನಿ ಅಂತ ಒಬ್ಬನ ತಲಿ ಟೇಬಲ್‌ಗೆ ಕುಟ್ಟಿದಾಗ ರೂಮ್ ಹಾರಿ ಹೋಗೂ ಹಂಗ ನಕ್ಕಿವಿ, "ಏನ್ ಮಗಾ ಅದಾನ್ಲೇ ಇಂವ" ಅಂತ ಸೀಟಿ ಹೊಡದ್ವಿ, ಮರದಿನ ಮೂರು ಮಂದಿ ಪ್ರೊಫೈಲ್ ಫೋಟೋದಾಗ ಜೋಕರ್. ಸತ್ತಾಂವ ಯಾರು ಅಂತ ಕೇಳಿದ್ರ ಒಬ್ಬಂಗೂ ನೆನಪಿರಲಿಲ್ಲ.

ಎರಡನೇ ಸಲ ನೋಡಿದ್ದು ಹುಬ್ಬಳ್ಳಿ ಮನ್ಯಾಗ, ಟಿವ್ಯಾಗ, ಹಿಂದಿ ಡಬ್ಬಿಂಗು. ಲಕ್ಷ್ಮೇಶ್ವರದಿಂದ ಸೋದರತ್ತಿ ಬಂದಿದ್ಲು. ಅಕಿ ನೆಲದ ಮ್ಯಾಲೆ ಕಾಲ ಚಾಚಿ ಮರದಾಗ ಜ್ವಾಳ ಹಸನ ಮಾಡಾಕತ್ತಿದ್ಲು, ಒಂದ ಕಣ್ಣ ಜ್ವಾಳದ ಮ್ಯಾಲೆ ಒಂದ ಕಣ್ಣ ಟಿವಿ ಮ್ಯಾಲೆ, ಹಳ್ಳ ಸಿಕ್ರ ಹೆಬ್ಬಟ್ಟಿಲೆ ಚಿಟ್ ಅಂತ ಹೊರಗ ಹಾರಸ್ತಿದ್ಲು. ಜೋಕರ್ ಬಂದ್ರ ಅಕಿ ನಗಲಿಲ್ಲ, ಅಂಜಲೂ ಇಲ್ಲ. ಸುಮ್ನ ಕೇಳಿದ್ಲು, "ತಮ್ಮಾ, ಈ ಬಣ್ಣದ ಮಾರಿಯಾಂವ ಯಾವಾಗ ಕೆಟ್ಟ?"

ನಾ ಏನ್ ಹೇಳ್ಲಿ. ಸಿನಿಮಾದಾಗ ಅಂವ ಬಾಯಿ ಹರದ ಗಾಯದ ಕತಿ ಎರಡ ಸಲ ಹೇಳ್ತಾನ, ಒಮ್ಮೆ ಅಪ್ಪ ಹರದ ಅಂತಾನ, ಒಮ್ಮೆ ಹೆಂಡ್ತಿ ಸಲುವಾಗಿ ನಾನ ಹರಕೊಂಡೆ ಅಂತಾನ, ಎರಡೂ ಸುಳ್ಳಿರಬಹುದು. ಹೆಸರಿಲ್ಲ, ಊರಿಲ್ಲ. ರೊಕ್ಕದ ಆಸೆ ಇತ್ತೇನು ಅಂದ್ರ ರೊಕ್ಕದ ದೊಡ್ಡ ಬಣವಿಗೆ ತಾನ ಬೆಂಕಿ ಹಚ್ತಾನ. "ಯಾವಾಗ ಕೆಟ್ಟ ಅಂತ ಹೇಳಿಲ್ಲತ್ತಿ" ಅಂದೆ. "ಹಂಗಾರ ಕೆಟ್ಟಾಂವ ಹೆಂಗಾದ?" ಅಂದು ಮತ್ತ ಜ್ವಾಳಕ್ಕ ಕೈ ಹಾಕಿದ್ಲು. ಅಕಿ ವ್ಯಾಕರಣ ಮಾತಾಡಿರಲಿಲ್ಲ, ಸುಮ್ನ ಕೇಳಿದ್ಲು, ಖರೇ ಹೇಳಬೇಕಂದ್ರ ನನಗ ರಾತ್ರಿ ಮಲಗಿದ ಮ್ಯಾಲೆ ಅದು ಬಡೀತು. ಜೋಕರ್ ಕೆಟ್ಟಾಂವ ಅಲ್ಲ, ಅಂವ ಕೆಡಸಾಂವ. ಕೆಡು ಬ್ಯಾರೆ, ಕೆಡಸು ಬ್ಯಾರೆ. ತಾ ಕೆಟ್ಟ ಕೋತಿ ವನಾ ಎಲ್ಲಾ ಕೆಡಸ್ತಂತ ಅಂತ ಗಾದಿ ಐತಲ್ಲ, ಅದರಾಗ ಕೋತಿ ಮೊದ್ಲ ತಾ ಕೆಡತೈತಿ, ಈ ಕೋತಿ ಕೆಟ್ಟದ್ದನ್ನ ನಮಗ ತೋರಸಂಗನ ಇಲ್ಲ, ವನ ಕೆಡಸೂದ ಅಷ್ಟ ತೋರಸ್ತಾರ.

ಹಂಗಾರ ಕೆಟ್ಟಾಂವ ಯಾರು? ಹಾರ್ವಿ ಡೆಂಟ್. ಊರಿಗೆ ಊರ ನಂಬಿದ ಸರ್ಕಾರಿ ವಕೀಲ, ಅಂವನ ಕಿಸೆದಾಗಿನ ನಾಣ್ಯಕ್ಕ ಎರಡೂ ಕಡೆ ತಲೀನ ಇರತೈತಿ, ಅಂದ್ರ ಚಿಮ್ಮಿದ್ರ ಏನ್ ಬೀಳಬೇಕು ಅನ್ನೋದನ್ನ ಮೊದ್ಲ ತಾನ ಠರಾಯಿಸಿರ್ತಾನ, ದೈವದ ಮ್ಯಾಲೆ ಬಿಡೋ ನಾಟಕ ಅಷ್ಟ. ಲಗ್ನ ಆಗಬೇಕಿದ್ದ ಹುಡುಗಿ ಸ್ಫೋಟದಾಗ ಸಾಯ್ತಾಳ, ಇವನ ಮಾರಿ ಅರ್ಧ ಸುಡತೈತಿ, ನಾಣ್ಯಾನೂ ಒಂದ ಕಡೆ ಸುಟ್ಟು ಕರ್ರಗ ಆಗತೈತಿ. ಆಮ್ಯಾಲೆ ಜೋಕರ್ ನರ್ಸ್ ವೇಷ ಹಾಕ್ಕೊಂಡು ದವಾಖಾನಿಗೆ ಬಂದು ಕಾಟದ ಬಾಜೂಕ ಕುಂತು ಮಾತಾಡ್ತಾನ, ಬರೇ ಮಾತು, ಪಿಸ್ತೂಲೂ ಡೆಂಟ್‌ನ ಕೈಯಾಗನ ಕೊಡ್ತಾನ. ಎದ್ದ ಡೆಂಟ್ ಬ್ಯಾರೆನ ಆಗಿರ್ತಾನ, ನಾಣ್ಯ ಚಿಮ್ಮಿ ಸುಟ್ಟ ಬದಿ ಬಿದ್ರ ಕೊಲ್ಲೂದು.

ಸುಟ್ಟ ಮಾರಿ ಕಂಡ ಕೂಡ್ಲೆ ಅತ್ತಿ ಮರ ಕೆಳಗಿಟ್ಟು "ಪಾಪ!" ಅಂದ್ಲು. ಇದೂ ನೋಡ್ರಿ, ಪಾಪ ಅಂದ್ರ ಮಾಡಿದ ತಪ್ಪೂ ಹೌದು, ಅಯ್ಯೋ ಅನ್ನೋ ಕನಿಕರಾನೂ ಹೌದು, ಎರಡಕ್ಕೂ ಒಂದ ಪದ ಇಟ್ಕೊಂಡು ನಾವು ಆರಾಮ ಅದೀವಿ. ಅಂವ ಮಂದೀನ ಕೊಲ್ಲಾಕ ಶುರು ಮಾಡಿದ ಮ್ಯಾಲೂ ಅಕಿ ಪಾಪ ಅನ್ನೂದು ನಿಲ್ಲಿಸಲಿಲ್ಲ. ಜೋಕರ್‌ಗ ಒಮ್ಮೀನೂ ಅನಲಿಲ್ಲ. ನನಗನಿಸಿದಂಗ ಇದ ಪರೀಕ್ಷಾ, ಯಾರಿಗೆ ನೋಡೋರು ಪಾಪ ಅಂತಾರೋ ಅಂವ ಕೆಟ್ಟಾಂವ, ಯಾರಿಗೆ ಸೀಟಿ ಹೊಡೀತಾರೋ ಅಂವ ಕೆಡಸಾಂವ. ನಮ್ಮ ಹಾಸ್ಟೆಲ್ಲಿನ ಎಂಟರೊಳಗ ಡೆಂಟ್‌ನ ಫೋಟೋ ಯಾರೂ ಹಾಕ್ಕೊಂಡಿರಲಿಲ್ಲ.

ಗದಗಿನ ವೀರನಾರಾಯಣ ಗುಡಿಯ ಕುಮಾರವ್ಯಾಸ, ನಮ್ಮ ಹುಬ್ಬಳ್ಳಿ ಬಾಜೂಕಿನ ಕೋಳಿವಾಡದಾಂವ, ಇದನ್ನ ಎಂದೋ ಬರದಿಟ್ಟಾನ. ಕೃಷ್ಣ ಕರ್ಣನ್ನ ಬಾಜೂಕ ಕುಂಡರಿಸಿಕೊಂಡು ನೀ ಕುಂತಿ ಮಗ ಅಂತ ಹುಟ್ಟಿನ ಗುಟ್ಟ ಹೇಳಿದಾಗ ಕರ್ಣನ ಕೊರಳ ನರ ಉಬ್ಬತಾವ, ಕಣ್ಣಾಗ ನೀರು, ಮನಸಿನ್ಯಾಗ "ಅಕಟಾ ಕುರುಪತಿಗೆ ಕೇಡಾದುದು" ಅಂತಾನ. ಕೇಡು, ಮತ್ತ ಅದ ಕೆಡು. ತನಗ ಏನಾತು ಅಂತ ಮೊದ್ಲ ಅನಂಗಿಲ್ಲ, ದುರ್ಯೋಧನಂಗ ಕೇಡಾತು ಅಂತಾನ. ಮಾತಿಲೆನ ಒಬ್ಬನ್ನ ಒಳಗಿಂದ ಕೆಡವಿದ್ದು ಇಲ್ಲಿ ದೇವರು, ಜೋಕರ್‌ಗೂ ಕೃಷ್ಣಗೂ ಹೋಲಿಕಿ ಮಾಡಾಕತ್ತಿಲ್ಲ ಮಾರಾಯ್ರ, ಬಡಿಗಿ ತಗೊಂಡು ಬರಬ್ಯಾಡ್ರಿ. ಆದ್ರ ಕರ್ಣ ಪಕ್ಷ ಬಿಡಲಿಲ್ಲ, ಡೆಂಟ್ ಬಿಟ್ಟ. ಎರಡೂ ಕಡೆ ಕೇಳೋ ಮಂದಿ ಅನ್ನೋದು ಪಾಪ ಅಂತನ.

ಹಡಗಿನ ಸೀನ್ ಬಗ್ಗೆ ಭಾಳ ಬರದಾರ, ನಾ ಉದ್ದ ಮಾಡಂಗಿಲ್ಲ. ಒಂದ ಹಡಗಿನ್ಯಾಗ ಕೈದಿಗೋಳು, ಒಂದರಾಗ ಊರ ಮಂದಿ, ಒಬ್ಬರ ಹಡಗ ಹಾರಸೋ ಗುಂಡಿ ಇನ್ನೊಬ್ಬರ ಕೈಯಾಗ ಜೋಕರ್ ಕೊಟ್ಟಿರ್ತಾನ. ಊರ ಮಂದಿ ಓಟ್ ಹಾಕಿ ಹಾರಸೂಣು ಅಂತ ಗೆದ್ದರೂ ಒತ್ತಾಕ ಒಬ್ಬನ ಕೈಯೂ ಏಳಂಗಿಲ್ಲ, ಆ ಕಡೆ ಒಬ್ಬ ಆಜಾನುಬಾಹು ಕೈದಿ ಗುಂಡಿ ಇಸಕೊಂಡು ಕಿಡಕ್ಯಾಗಿಂದ ನೀರಿಗೆ ಒಗೀತಾನ. ಅವತ್ತ ಕೆಡಲಿಲ್ಲ ಅಷ್ಟ.

ಇನ್ನ ಬ್ಯಾಟ್‌ಮನ್. ಅಂವಂಗ ಕನ್ನಡದಾಗ ಮೂರನೇ ರೂಪ ಐತಿ, ಕೆಡಿಸಿಕೊಳ್ಳೂದು. ಡೆಂಟ್ ಮಾಡಿದ ಕೊಲಿಗೋಳನ್ನ ತನ್ನ ಮ್ಯಾಲೆ ಹಾಕ್ಕೊಂಡು, ಊರಿಗೆ ಡೆಂಟ್ ಛಲೋ ಮನಷ್ಯಾ ಆಗೇ ಉಳೀಲಿ ಅಂತ ಹೆಸರು ಕೆಡಿಸಿಕೊಂಡು ಓಡಿ ಹೋಗ್ತಾನ, ಹಿಂದ ಪೊಲೀಸ್ರು ನಾಯಿ. ಇದು ಸರಿಯೋ ತಪ್ಪೋ ಅಂತ ಹಾಸ್ಟೆಲ್‌ನ್ಯಾಗ ಜಗಳ ಆಗಿತ್ತು, ನನಗ ಇವತ್ತಿಗೂ ಅದು ತಪ್ಪ ಅನಸತೈತಿ, ಕೆಟ್ಟ ಹಾಲಿಗೆ ಸಕ್ರಿ ಹಾಕಿದ್ರ ಹಾಲ ಸರಿ ಆಗಂಗಿಲ್ಲ. ಅತ್ತಿಗೆ ಆ ಜಗಳ ಬೇಕಾಗಿರಲಿಲ್ಲ. "ಹಂಗಾರ ಈ ಕರೀ ಅಂಗ್ಯಾಂವಂದು ತಪ್ಪಿಲ್ಲ ಅಂತ ಯಾರೂ ಹೇಳಂಗಿಲ್ಲೇನ?" ಅಂದ್ಲು.

"ಮುಂದಿನ ಸಿನಿಮಾದಾಗ ಗೊತ್ತಾಗತೈತತ್ತಿ, ಎಂಟ ವರ್ಷ ಆದ ಮ್ಯಾಲೆ."

"ಎಂಟ ವರ್ಷನ? ಅಲ್ಲೀಮಟ ಅವರವ್ವ ಹೆಂಗ ತಡಕೊಂಡ್ಲೋ."

"ಅವ್ವ ಇಲ್ಲತ್ತಿ, ಅಂವ ಸಣ್ಣಾಂವ ಇದ್ದಾಗನ ಅಪ್ಪ ಅವ್ವ ಇಬ್ಬರನ್ನೂ ಕಳ್ಳ ಕೊಂದಾನ."

"ಪಾಪ" ಅಂದ್ಲು, ಮರ ಮತ್ತ ಕೈಗೆ ತಗೊಂಡ್ಲು.